ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಯಂತ್ರವು ಸರಿಯಾಗಿ ನಡೆಯುತ್ತಿರುವವರೆಗೆ ಅದರ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ಅದು ನಿಂತಾಗಲೇ ಅದರ ಮುಂದೆ ಕುಳಿತವನ ಸ್ವಭಾವವು ಹೊರಬೀಳುತ್ತದೆ. ಒಬ್ಬನು ಸಿಟ್ಟಿನಿಂದ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತಾನೆ. ಇನ್ನೊಬ್ಬನು ಕೈಚೆಲ್ಲಿ ಕುಳಿತುಬಿಡುತ್ತಾನೆ. ಮತ್ತೊಬ್ಬನು ಏನಾಯಿತು, ಯಾವಾಗಿನಿಂದ ಆಯಿತು ಎಂದು ವಿಚಾರಿಸತೊಡಗುತ್ತಾನೆ. ಈ ಮೂವರಲ್ಲಿ ಯಂತ್ರವನ್ನು ಮರಳಿ ನಡೆಸಬಲ್ಲವನು ಸಾಮಾನ್ಯವಾಗಿ ಮೂರನೆಯವನೇ. ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸಿದ ಬಳಿಕ ಬ್ರೌಸರ್ ಸ್ತಬ್ಧವಾಗಿ ನಿಂತುಬಿಡುವ ಪ್ರಸಂಗವು ಈ ಮಾತಿಗೆ ಒಳ್ಳೆಯ ನಿದರ್ಶನ.

ಇದು ಸಣ್ಣ ತೊಂದರೆಯೆಂದು ತೋರಬಹುದು. ಆದರೆ ಇಂದು ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಹೊಲದ ಪಹಣಿ ಮೊದಲಾದವುಗಳನ್ನು ಜನರು ಬ್ರೌಸರಿನ ಮೂಲಕವೇ ಪಡೆಯುತ್ತಾರೆ. ಅರ್ಜಿಯ ಕೊನೆಯ ದಿನದ ಸಂಜೆ ಅದು ಅಲುಗಾಡದೆ ನಿಂತರೆ, ನಿಂತದ್ದು ಒಂದು ತಂತ್ರಾಂಶ ಮಾತ್ರವಲ್ಲ. ಒಬ್ಬ ಬಡ ವಿದ್ಯಾರ್ಥಿಯ ಒಂದು ವರ್ಷದ ನೆರವೂ ನಿಂತುಹೋಗಬಹುದು. ಆದ್ದರಿಂದ ಇಂಥ ದೋಷದ ಮೂಲವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ತಿಳಿದಿರುವುದು ಅವಶ್ಯಕ.

ಮೊದಲು ಬ್ರೌಸರ್ ಎಂದರೇನೆಂಬುದನ್ನು ನೋಡಬೇಕು. ಅಂತರಜಾಲದ ಪುಟಗಳನ್ನು ತರಿಸಿಕೊಂಡು ತೆರೆಯ ಮೇಲೆ ಚಿತ್ರಿಸಿ ತೋರಿಸುವ ತಂತ್ರಾಂಶವೇ ಬ್ರೌಸರ್. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ 1990ರಲ್ಲಿ ಮೊದಲ ಬ್ರೌಸರನ್ನು ರಚಿಸಿದರು. ಅಂದು ಅದರ ಕೆಲಸವು ಬಹುಮಟ್ಟಿಗೆ ಬರಹವನ್ನು ತೋರಿಸುವುದಾಗಿತ್ತು. ಇಂದಾದರೋ ಚಲಿಸುವ ಚಿತ್ರ, ಧ್ವನಿ, ಭೂಪಟ, ಆಟ ಎಲ್ಲವನ್ನೂ ಅದು ನಿರ್ವಹಿಸಬೇಕಾಗಿದೆ.

ಇಷ್ಟು ಕೆಲಸ ಮಾಡುವ ಬ್ರೌಸರಿಗೆ ತೆರೆಯನ್ನಾಗಲಿ, ಸ್ಮೃತಿಕೋಶವನ್ನಾಗಲಿ ತಾನೇ ನೇರವಾಗಿ ಮುಟ್ಟುವ ಅಧಿಕಾರವಿಲ್ಲ. ದೊಡ್ಡ ಮನೆಯೊಂದರಲ್ಲಿ ಉಗ್ರಾಣದ ಬೀಗದ ಕೈಗಳೆಲ್ಲ ಪಾರುಪತ್ಯಗಾರನ ಬಳಿಯಲ್ಲಿರುವಂತೆ, ಗಣಕದ ಸಕಲ ಸಾಮಗ್ರಿಗಳೂ ಕಾರ್ಯಾಚರಣ ವ್ಯವಸ್ಥೆಯ ವಶದಲ್ಲಿರುತ್ತವೆ. ಯಾವ ತಂತ್ರಾಂಶವಾದರೂ ತನಗೆ ಬೇಕಾದುದನ್ನು ಅದರಿಂದಲೇ ಕೇಳಿ ಪಡೆಯಬೇಕು. ತೆರೆಯ ಚಿತ್ರಗಳನ್ನು ಸಿದ್ಧಪಡಿಸುವ ಗ್ರಾಫಿಕ್ಸ್ ಭಾಗಕ್ಕೂ ಈ ವ್ಯವಸ್ಥೆಗೂ ನಡುವೆ ಡ್ರೈವರ್ ಎಂಬ ಇನ್ನೊಂದು ತಂತ್ರಾಂಶವು ದುಭಾಷಿಯಂತೆ ಕೆಲಸ ಮಾಡುತ್ತದೆ. ನವೀಕರಣವೆಂದರೆ ಮನೆಗೆ ಹೊಸ ಪಾರುಪತ್ಯಗಾರನು ಬಂದಂತೆ. ಅವನ ಕಟ್ಟಳೆಗಳು ಮೊದಲಿನವನ ಕಟ್ಟಳೆಗಳಿಗಿಂತ ಕೊಂಚ ಬೇರೆಯಾಗಿರುತ್ತವೆ. ಹಳೆಯ ದುಭಾಷಿಗೆ ಅವನ ಮಾತು ಸರಿಯಾಗಿ ತಿಳಿಯದೆ ಹೋದರೆ ಕೆಲಸವು ನಡುವೆಯೇ ನಿಲ್ಲುತ್ತದೆ.

ಹೀಗೆ ನಿಲ್ಲುವುದರಲ್ಲಿಯೂ ಎರಡು ಬಗೆಯುಂಟು. ತಂತ್ರಾಂಶವು ಥಟ್ಟನೆ ಮುಚ್ಚಿಹೋಗುವುದು ಒಂದು ಬಗೆ. ತೆರೆದೇ ಇದ್ದು ಯಾವ ಆಜ್ಞೆಗೂ ಓಗೊಡದಿರುವುದು ಇನ್ನೊಂದು. ಇದನ್ನೇ ಸ್ತಬ್ಧತೆ ಎನ್ನಬಹುದು. ಸ್ತಬ್ಧವಾದ ಬ್ರೌಸರ್ ಸತ್ತಿರುವುದಿಲ್ಲ. ಬಾರದ ಉತ್ತರಕ್ಕಾಗಿ ಅದು ಕಾಯುತ್ತಿರುತ್ತದೆ, ಇಲ್ಲವೆ ಮುಗಿಯದ ಕೆಲಸವೊಂದರಲ್ಲಿ ಸಿಕ್ಕಿಕೊಂಡಿರುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ತೆರೆದಿರುವ ಕಿಟಕಿಯೊಂದು 5 ಸೆಕೆಂಡುಗಳ ಕಾಲ ತನಗೆ ಬಂದ ಸಂದೇಶಗಳನ್ನು ಗಮನಿಸದಿದ್ದರೆ, ಅದು ಪ್ರತಿಕ್ರಿಯಿಸುತ್ತಿಲ್ಲವೆಂದು ಪರಿಗಣಿಸಲಾಗುತ್ತದೆ. ಆದರೆ ಉತ್ತರವನ್ನು ಕೊಡದೆ ಕಾಯಿಸಿದವರು ಯಾರು ಎಂಬುದನ್ನು ಆ ಸೂಚನೆಯು ಹೇಳುವುದಿಲ್ಲ. ದೋಷಶೋಧನೆಯು ಆರಂಭವಾಗುವುದು ಈ ಪ್ರಶ್ನೆಯಿಂದಲೇ.

2018ರಲ್ಲಿ ನಡೆದ ಒಂದು ಸಂಗತಿಯು ಇದನ್ನು ಸ್ಪಷ್ಟಪಡಿಸುತ್ತದೆ. ಆ ವರ್ಷದ ಏಪ್ರಿಲ್ 30ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10 ವ್ಯವಸ್ಥೆಗೆ ದೊಡ್ಡದೊಂದು ನವೀಕರಣವನ್ನು ಬಿಡುಗಡೆ ಮಾಡಿತು. ಅದನ್ನು ಅಳವಡಿಸಿಕೊಂಡ ಕೆಲವು ಗಣಕಗಳಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್ ಬ್ರೌಸರನ್ನು ಬಳಸುವಾಗ ಯಂತ್ರವೇ ಸ್ತಬ್ಧವಾಗತೊಡಗಿತು. ಕಣ್ಣಿಗೆ ಕಂಡ ಅಪರಾಧಿ ಕ್ರೋಮ್. ಅದನ್ನು ಅಳಿಸಿ ಮತ್ತೊಮ್ಮೆ ಸ್ಥಾಪಿಸಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಇನ್ನೊಂದು ಸುಳಿವೂ ಇತ್ತು. ಮೈಕ್ರೋಸಾಫ್ಟಿನದೇ ಆದ ಕೊರ್ಟಾನಾ ಎಂಬ ಧ್ವನಿಸಹಾಯಕ ತಂತ್ರಾಂಶವನ್ನು ಬಳಸುವಾಗಲೂ ಹೀಗೆಯೇ ಆಗುತ್ತಿತ್ತು. ಬೇರೆ ಬೇರೆ ಸಂಸ್ಥೆಗಳು ರಚಿಸಿದ, ಬೇರೆ ಬೇರೆ ಕೆಲಸದ ಎರಡು ತಂತ್ರಾಂಶಗಳು ಒಂದೇ ಬಗೆಯ ತೊಂದರೆಗೆ ಕಾರಣವಾದಂತೆ ಕಂಡರೆ, ಅವೆರಡೂ ನಿಂತಿರುವ ನೆಲವನ್ನೇ ಪರೀಕ್ಷಿಸಬೇಕಾಗುತ್ತದೆ. ಆ ನೆಲವೇ ಕಾರ್ಯಾಚರಣ ವ್ಯವಸ್ಥೆ. ಮೈಕ್ರೋಸಾಫ್ಟ್ ಸಂಸ್ಥೆಯು ದೋಷವನ್ನು ಒಪ್ಪಿಕೊಂಡು, ಮೇ 8ರಂದು ಹೊರಡಿಸಿದ ನವೀಕರಣದಲ್ಲಿ ಅದನ್ನು ಸರಿಪಡಿಸಿತು. ಅಲ್ಲಿಯವರೆಗೆ ತೆರೆಯನ್ನು ಎಚ್ಚರಿಸಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕೆಂದೂ, ಲ್ಯಾಪ್‌ಟಾಪ್ ಆದರೆ ಮುಚ್ಚಳವನ್ನು ಮುಚ್ಚಿ ತೆರೆದು ನೋಡಬೇಕೆಂದೂ ಸಲಹೆ ನೀಡಿತು.

ಕ್ರೋಮನ್ನು ಎಷ್ಟು ಬಾರಿ ಅಳಿಸಿ ಸ್ಥಾಪಿಸಿದ್ದರೂ ಈ ದೋಷದ ಮೂಲವು ಹೋಗುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತಿತ್ತು, ಅಷ್ಟೇ. ದೋಷವು ಕಾಣಿಸಿಕೊಳ್ಳುವ ಸ್ಥಳ ಬೇರೆ, ದೋಷವು ಇರುವ ಸ್ಥಳ ಬೇರೆ ಆಗಿರಬಹುದೆಂಬುದು ಇದರಿಂದ ತಿಳಿಯುವ ಮೊದಲ ಪಾಠ.

ಹಾಗೆಂದು ನವೀಕರಣದ ಬಳಿಕ ಬಂದ ತೊಂದರೆಗಳೆಲ್ಲ ನವೀಕರಣದಿಂದಲೇ ಬಂದವೆಂದು ತೀರ್ಮಾನಿಸುವುದೂ ಸಲ್ಲದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯು ಈ ಬಗೆಯ ಅವಸರದ ತರ್ಕವನ್ನು ಕುರಿತು ಎಚ್ಚರಿಸುತ್ತದೆ. ಅದೇ ದಿನ ಬ್ರೌಸರ್ ಕೂಡ ತಾನಾಗಿಯೇ ನವೀಕೃತವಾಗಿರಬಹುದು. ಇಲ್ಲವೆ ಮನೆಯವರಲ್ಲಿ ಯಾರಾದರೂ ಅದಕ್ಕೆ ಹೊಸ ವಿಸ್ತರಣೆಯೊಂದನ್ನು ಸೇರಿಸಿರಬಹುದು. ಕಾಲದ ಹೊಂದಿಕೆಯು ಒಂದು ಸುಳಿವೇ ಹೊರತು ಸಾಕ್ಷ್ಯವಲ್ಲ. ಸಾಕ್ಷ್ಯವು ಪರೀಕ್ಷೆಯಿಂದ ದೊರೆಯಬೇಕು.

ಪರೀಕ್ಷೆಯ ಮೊದಲ ಹಂತ ಅವಲೋಕನ. ಅರಿತ ವೈದ್ಯನು ಔಷಧವನ್ನು ಬರೆಯುವ ಮೊದಲು ನಾಡಿಯನ್ನು ಹಿಡಿದು, ನಾಲ್ಕು ಮಾತು ಕೇಳುವುದಿಲ್ಲವೆ? ಹಾಗೆಯೇ ಇಲ್ಲಿಯೂ ಕೆಲವು ಪ್ರಶ್ನೆಗಳಿವೆ. ಸ್ತಬ್ಧವಾದುದು ಒಂದು ಪುಟ ಮಾತ್ರವೋ, ಇಡೀ ಬ್ರೌಸರೋ, ಇಡೀ ಗಣಕವೋ? ಮೌಸಿನ ಬಾಣವು ಚಲಿಸುತ್ತಿದೆಯೆ? ಮತ್ತೊಂದು ಬ್ರೌಸರಿನಲ್ಲಿಯೂ ಹೀಗೆಯೇ ಆಗುತ್ತದೆಯೆ? ಒಂದೇ ಪುಟವು ನಿಂತರೆ ಸಂಶಯವು ಆ ಪುಟದ ಮೇಲೆ. ಒಂದು ಬ್ರೌಸರ್ ಮಾತ್ರ ನಿಂತರೆ ಅದರ ಮೇಲೆ. ಎಲ್ಲವೂ ನಿಂತರೆ ವ್ಯವಸ್ಥೆ ಅಥವಾ ಡ್ರೈವರಿನ ಮೇಲೆ. ಉತ್ತರಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಮುಂದಿನ ದಾರಿ ಸುಗಮವಾಗುತ್ತದೆ.

ಎರಡನೆಯ ಹಂತ, ಗಣಕವನ್ನು ಹೊಸದಾಗಿ ಆರಂಭಿಸುವುದು. ಇಲ್ಲಿ ಬಹಳ ಮಂದಿ ಗಮನಿಸದ ಸೂಕ್ಷ್ಮವೊಂದಿದೆ. ವಿಂಡೋಸ್ 10 ಮತ್ತು 11ರಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಇದ್ದರೆ, 'ಶಟ್ ಡೌನ್' ಮಾಡಿದಾಗ ವ್ಯವಸ್ಥೆಯ ಒಳಭಾಗದ ಸ್ಥಿತಿಯು ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ಸ್ಥಿತಿಯು ಹಿಂದಿರುಗುತ್ತದೆ. 'ರೀಸ್ಟಾರ್ಟ್' ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಆದ್ದರಿಂದ ಇಂಥ ಸಮಯದಲ್ಲಿ ಎರಡನೆಯದನ್ನೇ ಆಯ್ದುಕೊಳ್ಳಬೇಕು. ಅನಂತರ ವ್ಯವಸ್ಥೆಗೂ ಬ್ರೌಸರಿಗೂ ಬಾಕಿಯಿರುವ ನವೀಕರಣಗಳನ್ನು ಪೂರೈಸಬೇಕು. ಮೇಲೆ ಹೇಳಿದ 2018ರ ದೋಷಕ್ಕೆ ಪರಿಹಾರವು ಹೀಗೆಯೇ ದೊರಕಿತು.

ಇಷ್ಟರಿಂದಲೂ ದೋಷವು ನೀಗದಿದ್ದರೆ ಮೂರನೆಯ ಹಂತ ವಿಂಗಡಣೆ. ಬ್ರೌಸರಿಗೆ ಹೊರಗಿನಿಂದ ಸೇರಿಸಿದ ಪುಟ್ಟ ತಂತ್ರಾಂಶಗಳಿಗೆ ವಿಸ್ತರಣೆಗಳೆಂದು ಹೆಸರು. ಫೈರ್‌ಫಾಕ್ಸ್ ಬ್ರೌಸರಿನಲ್ಲಿ 'ಟ್ರಬಲ್‌ಶೂಟ್ ಮೋಡ್' ಎಂಬ ಸೌಲಭ್ಯವಿದೆ. ಅದನ್ನು ಆರಿಸಿದಾಗ ವಿಸ್ತರಣೆಗಳೂ, ಗ್ರಾಫಿಕ್ಸ್ ಭಾಗದಿಂದ ಪಡೆಯುವ ವಿಶೇಷ ವೇಗದ ನೆರವೂ ತಾತ್ಕಾಲಿಕವಾಗಿ ನಿಲ್ಲುತ್ತವೆ. ಆಗ ಬ್ರೌಸರ್ ಸರಾಗವಾಗಿ ನಡೆದರೆ, ನಿಲ್ಲಿಸಿದ ವಸ್ತುಗಳಲ್ಲಿಯೇ ದೋಷವು ಅಡಗಿರುವ ಸಂಭವ ಹೆಚ್ಚು. 16 ವಿಸ್ತರಣೆಗಳಿದ್ದು ಅವುಗಳಲ್ಲಿ ಒಂದು ಕೆಟ್ಟಿದೆಯೆಂದು ಭಾವಿಸೋಣ. ಒಂದೊಂದನ್ನೇ ಪರೀಕ್ಷಿಸಿದರೆ 15 ಬಾರಿಯವರೆಗೂ ಶ್ರಮಪಡಬೇಕಾದೀತು. ಅದಕ್ಕೆ ಬದಲಾಗಿ ಅರ್ಧವನ್ನು, ಅಂದರೆ 8ನ್ನು ನಿಲ್ಲಿಸಿ ನೋಡಿದರೆ, ದೋಷವು ಯಾವ ಅರ್ಧದಲ್ಲಿದೆಯೆಂದು ತಿಳಿಯುತ್ತದೆ. ಆ 8ರಲ್ಲಿ 4, ಆ 4ರಲ್ಲಿ 2, ಆ 2ರಲ್ಲಿ 1 ಎಂದು ಸಾಗಿದರೆ ನಾಲ್ಕೇ ಪರೀಕ್ಷೆಗಳಲ್ಲಿ ಅಪರಾಧಿಯು ಸಿಕ್ಕಿಬೀಳುತ್ತದೆ.

ವಿಸ್ತರಣೆಗಳು ನಿರ್ದೋಷಿಗಳೆಂದು ಕಂಡುಬಂದರೆ ಗ್ರಾಫಿಕ್ಸಿನ ನೆರವನ್ನು ಮಾತ್ರ ನಿಲ್ಲಿಸಿ ನೋಡಬೇಕು. ಇದಕ್ಕೆ ಬ್ರೌಸರಿನ ಸೆಟ್ಟಿಂಗ್‌ಗಳಲ್ಲಿ ಅವಕಾಶವಿದೆ. ಅದರಿಂದ ಗುಣ ಕಂಡರೆ ಸಂಶಯವು ಡ್ರೈವರಿನತ್ತ ತಿರುಗುತ್ತದೆ. ಗಣಕದ ತಯಾರಕರಿಂದ ಹೊಸ ವ್ಯವಸ್ಥೆಗೆ ಒಪ್ಪುವ ಡ್ರೈವರನ್ನು ಪಡೆಯುವುದು ಪರಿಹಾರವಾಗಬಹುದು. ಇದೂ ಅಲ್ಲವಾದರೆ ಬ್ರೌಸರಿನಲ್ಲಿ ಹೊಸ ಪ್ರೊಫೈಲೊಂದನ್ನು ಸೃಷ್ಟಿಸಿ ಪರೀಕ್ಷಿಸಬಹುದು. ಹಳೆಯದು ಹಾಗೆಯೇ ಉಳಿಯುವುದರಿಂದ ನಷ್ಟದ ಭಯವಿಲ್ಲ. ಯಾವುದರಿಂದಲೂ ಪ್ರಯೋಜನವಾಗದಿದ್ದಲ್ಲಿ, ವಿಂಡೋಸ್ 11ರಲ್ಲಿ ದೊಡ್ಡ ನವೀಕರಣವಾದ ಮೇಲೆ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳುವ ಅವಕಾಶವಿರುತ್ತದೆ. ಅದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ಈ ಎಲ್ಲ ಹಂತಗಳಲ್ಲಿಯೂ ಪಾಲಿಸಬೇಕಾದ ನಿಯಮಗಳು ಕೆಲವಿವೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಐದನ್ನು ಒಟ್ಟಿಗೆ ಬದಲಾಯಿಸಿ ಗುಣ ಕಂಡವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಒಮ್ಮೆ ಸರಿಯಾಯಿತೆಂದು ಒಡನೆಯೇ ಹಿಗ್ಗಬಾರದು. ನಿಲ್ಲಿಸಿದುದನ್ನು ಮತ್ತೆ ಆರಂಭಿಸಿದಾಗ ದೋಷವೂ ಮರಳಿ ಬಂದರೆ ಮಾತ್ರ ತೀರ್ಮಾನವು ಗಟ್ಟಿ. ಏನನ್ನಾದರೂ ಅಳಿಸುವ ಮೊದಲು ಮುಖ್ಯ ಕಡತಗಳ, ಗುರುತಿಟ್ಟ ಪುಟಗಳ ಪ್ರತಿಯನ್ನು ಬೇರೆಡೆ ಕಾಪಾಡಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕೆಲವು ವಂಚಕ ಪುಟಗಳು ತಾವೇ ಬ್ರೌಸರನ್ನು ತಡೆದು ನಿಲ್ಲಿಸಿ, ಗಣಕಕ್ಕೆ ಅಪಾಯವಾಗಿದೆ, ಈ ದೂರವಾಣಿಗೆ ಕರೆಮಾಡಿ ಎಂದು ಹೆದರಿಸುತ್ತವೆ. ಅಲ್ಲಿಗೆ ಕರೆಮಾಡುವವನು ಹಣವನ್ನೂ ಗುಟ್ಟನ್ನೂ ಕಳೆದುಕೊಳ್ಳುತ್ತಾನೆ. ಅಂಥ ಪುಟವನ್ನು ಬಲವಂತವಾಗಿ ಮುಚ್ಚುವುದೇ ವಿವೇಕ.

ಕಂಡುಕೊಂಡ ದೋಷವನ್ನು ತಂತ್ರಾಂಶದ ರಚನಕಾರರಿಗೆ ತಿಳಿಸುವುದೂ ಬಳಕೆದಾರನ ಕರ್ತವ್ಯ. ಯಂತ್ರ ಯಾವುದು, ಆವೃತ್ತಿ ಯಾವುದು, ಏನು ಮಾಡಿದಾಗ ಏನಾಯಿತು ಎಂಬ ನಾಲ್ಕು ಸ್ಪಷ್ಟ ವಾಕ್ಯಗಳು, ಕೆಟ್ಟಿದೆ ಎಂಬ ನೂರು ದೂರುಗಳಿಗಿಂತ ಹೆಚ್ಚು ಬೆಲೆಯುಳ್ಳವು. ಹಾಗೆ ತಿಳಿಸಿದವನ ಶ್ರಮದ ಫಲವು ಅವನು ಎಂದೂ ಕಾಣದ ಎಷ್ಟೋ ಜನರಿಗೆ ದೊರೆಯುತ್ತದೆ.

ಇಂದಿನ ಬ್ರೌಸರುಗಳೂ ವ್ಯವಸ್ಥೆಗಳೂ ನಾಳೆ ಬದಲಾಗುತ್ತವೆ. ಇಲ್ಲಿ ಹೇಳಿದ ಗುಂಡಿಗಳ ಹೆಸರುಗಳೂ ಮರೆಯಾಗಬಹುದು. ಆದರೆ ನಿಧಾನವಾಗಿ ನೋಡುವುದು, ಪ್ರಶ್ನಿಸುವುದು, ಒಂದೊಂದಾಗಿ ಪರೀಕ್ಷಿಸುವುದು, ಸಾಕ್ಷ್ಯ ದೊರೆಯುವವರೆಗೆ ಯಾರ ಮೇಲೂ ತಪ್ಪು ಹೊರಿಸದಿರುವುದು, ಈ ಕ್ರಮವು ಹಳೆಯದಾಗುವುದಿಲ್ಲ. ನೀರೆತ್ತದ ಪಂಪಿನ ಮುಂದೆ ನಿಂತ ರೈತನಿಗೂ, ಉರಿಯದ ದೀಪದ ಕೆಳಗೆ ನಿಂತ ಗೃಹಿಣಿಗೂ, ನ್ಯಾಯಪೀಠದ ಮೇಲೆ ಕುಳಿತ ನ್ಯಾಯಾಧೀಶನಿಗೂ ಅದು ಒಂದೇ ರೀತಿಯಲ್ಲಿ ಅನ್ವಯಿಸುತ್ತದೆ. ಎಮ್ಮೆಗೆ ಬರೆ ಹಾಕಲು ಕ್ಷಣಕಾಲ ಸಾಕು; ಎತ್ತಿನ ಜ್ವರವನ್ನು ಕಂಡುಹಿಡಿಯಲು ತಾಳ್ಮೆ ಬೇಕು.