ಡಿಜೆಯ ಚಕ್ರ, ನಮ್ಮ ಶ್ರುತಿ

ನವೆಂಬರ್ ಬಂತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ತಿಂಗಳಿಡೀ ರಾಜ್ಯೋತ್ಸವ. ಸಂಜೆ ನಾಡಗೀತೆ, ಭಾಷಣ, ಡೊಳ್ಳು ಕುಣಿತ, ಬಹುಮಾನ ವಿತರಣೆ. ಅದೆಲ್ಲ ಮುಗಿದ ಮೇಲೆ ವೇದಿಕೆ ಡಿಜೆಯ ಪಾಲು. ಸ್ವಲ್ಪ ಹೊತ್ತು ಹೌಸ್ ಸಂಗೀತ ಹರಿದು, ಜನ ಕುಣಿಯಲು ಇಳಿದ ಮೇಲೆ ಕನ್ನಡ ಹಾಡಿನ ಸರದಿ. ಹೆಚ್ಚಾಗಿ ಅದು 1993ರ ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖ ಬರೆದು, ರಾಗ ಹಾಕಿ, ರಾಜ್‌ಕುಮಾರ್ ಹಾಡಿದ ಆ ನಾಡಿನ ಹಾಡೇ. ಶುರುವಾದ ಕೂಡಲೇ ಶಿಳ್ಳೆ, ಚಪ್ಪಾಳೆ. ಆದರೆ ಹಿಂದಿನ ಟ್ರ್ಯಾಕ್ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಎರಡೂ ಒಟ್ಟಿಗೆ ಕೇಳಿಸುವ ಆ ಹತ್ತಾರು ಸೆಕೆಂಡು ಕಿವಿಗೆ ಏನೋ ಚುಚ್ಚುತ್ತದೆ. ತಾಳ ಕೂಡಿದೆ, ಶ್ರುತಿ ಕೂಡಿಲ್ಲ.

ಇದನ್ನು ತಪ್ಪಿಸುವ ಕೆಲಸಕ್ಕೆ ಡಿಜೆಗಳು ಹಾರ್ಮೋನಿಕ್ ಮಿಕ್ಸಿಂಗ್ ಎನ್ನುತ್ತಾರೆ. ಒಂದು ಹೌಸ್ ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವಾಗ ಇದನ್ನು ಶ್ರದ್ಧೆಯಿಂದ ಪಾಲಿಸುವವರೂ ಕನ್ನಡ ಹಾಡು ಬಂದಾಗ ಕೈಬಿಡುವುದುಂಟು. ಜನ ಹೇಗೂ ಕುಣಿಯುತ್ತಾರೆ ಎಂಬ ಧೈರ್ಯ. ನನಗದು ಹಾಡಿನ ಬಗೆಗಿನ ಅಸಡ್ಡೆ ಎನಿಸುತ್ತದೆ. ತಂಬೂರಿ ಶ್ರುತಿ ಸೇರುವ ತನಕ ಹಾಡುಗಾರ ಬಾಯಿ ತೆರೆಯದ ನಾಡು ಇದು. ಇಲ್ಲಿನ ಹಾಡು ಶ್ರುತಿ ಕೆಟ್ಟು ವೇದಿಕೆಗೆ ಬರಬಾರದು.

ಮೊದಲು ತೊಡಕು ಇದ್ದದ್ದು ವೇಗದಲ್ಲಿ. ಟೆಕ್ನಿಕ್ಸ್ 1200 ಮಾರ್ಕ್ 2 ಟರ್ನ್‌ಟೇಬಲ್ ಕಾಲದಲ್ಲಿ ತಟ್ಟೆಯ ವೇಗವನ್ನು ಶೇಕಡಾ 8ರಷ್ಟು ಏರಿಸಬಹುದಿತ್ತು, ಇಳಿಸಬಹುದಿತ್ತು. ವೇಗ ಏರಿದರೆ ಶ್ರುತಿಯೂ ಏರುತ್ತದೆ. ಸುಮಾರು ಶೇಕಡಾ 6 ಏರಿತೆಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಗೆ ಹೋದಂತೆ. ನಿಮಿಷಕ್ಕೆ 120 ಬೀಟಿನ ಹಾಡನ್ನು 127ಕ್ಕೆ ಓಡಿಸಿದರೆ ಒಂದು ಮನೆ ಶ್ರುತಿಯ ಗಾಯಕ ಒಂದೂವರೆ ಮನೆಗೆ ಏರಿರುತ್ತಾನೆ. ಈಗಿನ ಯಂತ್ರಗಳಲ್ಲಿ ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿದಿಡುವ ಗುಂಡಿ ಇದೆ. ಹಾಗಾಗಿ ಶ್ರುತಿ ತಪ್ಪಿದರೆ ಯಂತ್ರವನ್ನು ದೂರುವ ಹಾಗಿಲ್ಲ.

ಯಾವ ಶ್ರುತಿಗೆ ಯಾವುದು ಹೊಂದುತ್ತದೆ ಎಂದು ಹೇಳಲು ಒಂದು ಚಕ್ರವಿದೆ, ಮಾರ್ಕ್ ಡೇವಿಸ್ ರೂಪಿಸಿದ ಕ್ಯಾಮೆಲಾಟ್ ಚಕ್ರ. ಗಡಿಯಾರದಂತೆ 1ರಿಂದ 12. ಮೈನರ್‌ಗಳಿಗೆ ಎ, ಮೇಜರ್‌ಗಳಿಗೆ ಬಿ. ಸಿ ಮೇಜರ್ 8ಬಿ, ಎ ಮೈನರ್ 8ಎ. ಅದೇ ಅಂಕಿಯಲ್ಲಿರಿ, ಇಲ್ಲವೇ ಒಂದು ಹೆಜ್ಜೆ ಆಚೀಚೆ ಹೋಗಿ ಎಂಬುದಷ್ಟೇ ನಿಯಮ. ತಂತ್ರಾಂಶ ಪ್ರತಿ ಹಾಡಿನ ಪಕ್ಕದಲ್ಲಿ ಈ ಅಂಕಿ ತೋರಿಸುತ್ತದೆ. ಬಹಳಷ್ಟು ಡಿಜೆಗಳು ಅಷ್ಟಕ್ಕೇ ನಿಲ್ಲುತ್ತಾರೆ.

ಆ ಒಂದು ಹೆಜ್ಜೆಯೊಳಗೆ ಏನಿದೆ ಎಂದು ನೋಡಿದರೆ ನಮಗೆ ಹಳೆಯ ಪರಿಚಯ. 8ಬಿಯ ಸ್ವರಗಳು ಶಂಕರಾಭರಣ. 9ಬಿಗೆ ಹೋದಾಗ ಬದಲಾಗುವುದು ಒಂದೇ ಸ್ವರ: ಶುದ್ಧ ಮಧ್ಯಮದ ಜಾಗಕ್ಕೆ ಪ್ರತಿ ಮಧ್ಯಮ. ಷಡ್ಜವನ್ನು ಕದಲಿಸದೆ ಕೇಳಿದರೆ ಅದು ಕಲ್ಯಾಣಿ. ಹಿಂದಕ್ಕೆ, 7ಬಿಗೆ ಬಂದರೆ ಕಾಕಲಿ ನಿಷಾದ ಕೈಶಿಕಿಯಾಗಿ ಹರಿಕಾಂಭೋಜಿ ಆಗುತ್ತದೆ. ಮೇಳಕರ್ತದ ಲೆಕ್ಕದಲ್ಲಿ 29, 65, 28. ಮುಂದಕ್ಕೆ ಹೋದಾಗ ಗುಂಪಿನಲ್ಲಿ ಬೆಳಕು ಹೆಚ್ಚಿದಂತೆ, ಹಿಂದಕ್ಕೆ ಬಂದಾಗ ಮೆತ್ತಗಾದಂತೆ ಅನಿಸುವುದು ಆ ಒಂದು ಸ್ವರದಿಂದ. ಅದೇ ಅಂಕಿಯಲ್ಲಿ ಬಿಯಿಂದ ಎಗೆ ಜಾರುವುದಂತೂ ಅಪ್ಪಟ ಗ್ರಹಭೇದ: ಶಂಕರಾಭರಣದ ಧೈವತವನ್ನೇ ಷಡ್ಜ ಮಾಡಿಕೊಂಡರೆ ನಠಭೈರವಿ. ಮೋಹನದ ರಿಷಭದಿಂದ ಮಧ್ಯಮಾವತಿ, ಗಾಂಧಾರದಿಂದ ಹಿಂದೋಳ ಹುಟ್ಟುವುದನ್ನು ಕಛೇರಿಯಲ್ಲಿ ಕೇಳಿ ತಲೆದೂಗಿದವರಿಗೆ ಡಿಜೆಯ ಈ ಜಾರುವಿಕೆ ಹೊಸತಲ್ಲ.

ಹಾಗೆಂದು ಚಕ್ರವನ್ನು ಪೂರ್ತಿ ನಂಬಿದರೆ ಕನ್ನಡ ಹಾಡುಗಳಲ್ಲಿ ಮೋಸ ಹೋಗುತ್ತೇವೆ. ಅದರಲ್ಲಿರುವುದು 24 ಖಾನೆ ಮಾತ್ರ. ಹಿಂದೋಳದ ಹಾಡೊಂದು ಸಿಯನ್ನು ಷಡ್ಜ ಮಾಡಿಕೊಂಡಿದೆ ಎನ್ನಿ. ಅದರ ಐದು ಸ್ವರಗಳು ಎ ಫ್ಲಾಟ್ ಮೇಜರ್‌ನಲ್ಲೂ ಇವೆ, ಎಫ್ ಮೈನರ್‌ನಲ್ಲೂ ಇವೆ. ಸ್ವರಗಳನ್ನು ಎಣಿಸುವ ತಂತ್ರಾಂಶ 4ಬಿ ಅಥವಾ 4ಎ ಎಂದು ಬರೆದರೆ ಅಚ್ಚರಿಯಿಲ್ಲ. ಪಂಚಮವೇ ಇಲ್ಲದ ಈ ರಾಗದಲ್ಲಿ ಷಡ್ಜ ಎಲ್ಲಿ ಕೂತಿದೆ ಎಂಬುದು ಅದಕ್ಕೆ ಹೇಗೆ ತಿಳಿಯಬೇಕು? ಡಿಜೆ ಆ ಅಂಕಿ ನಂಬಿ ಎಫ್‌ನಲ್ಲಿ ಗುದ್ದುವ ಬೇಸನ್ನು ಅಡಿಗೆ ಇಟ್ಟರೆ ಹಾಡಿನ ಷಡ್ಜ ಬೇರೊಂದು ಸ್ವರವಾಗಿಬಿಡುತ್ತದೆ, ಹಿಂದೋಳ ಹಿಂದೋಳವಾಗಿ ಉಳಿಯುವುದಿಲ್ಲ. ಸಂಗೀತದ ಮೊದಲ ಪಾಠಕ್ಕೆ ಪುರಂದರದಾಸರು ಆರಿಸಿಕೊಂಡರೆಂದು ಪರಂಪರೆ ಹೇಳುವ ಮಾಯಾಮಾಳವಗೌಳ ಇನ್ನೂ ಕಷ್ಟ. ಅದು 24ರಲ್ಲಿ ಯಾವುದಕ್ಕೂ ಸೇರದು. ಹಳೆಯ ಚಿತ್ರಗೀತೆಗಳದು ಮತ್ತೊಂದು ಸಂಗತಿ. ಟೇಪಿನ ವೇಗ ಕೊಂಚ ಹೆಚ್ಚುಕಡಿಮೆಯಾಗಿ, ಎಷ್ಟೋ ಹಾಡುಗಳ ಶ್ರುತಿ ಎರಡು ಕೀಲಿಗಳ ನಡುವೆ ನಿಂತಿರುತ್ತದೆ. ಅಂಕಿ ಸರಿಯಿದ್ದರೂ ಕೂಡಿಸಿದಾಗ ಒರಟು ಕೇಳುವುದು ಅದಕ್ಕೇ.

ಕಾರ್ಖಾನೆಗಳ ಪೀಣ್ಯದ ಸ್ಥಿತಿ ಈ ಕಂಪನಿಗಳದಕ್ಕಿಂತ ಬೇರೆ. ಅಲ್ಲಿ ದೊಡ್ಡ ಹಬ್ಬ ಆಯುಧಪೂಜೆ. ಯಂತ್ರಗಳನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದ ಮೇಲೆ ತಗಡಿನ ಶೆಡ್ಡಿನಲ್ಲೇ ಹಾಡು, ಕುಣಿತ. ಯಂತ್ರ ನಿಂತರೂ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ನಿಂತಿರುವುದಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಗುನುಗುವುದು ಅದರ ಇಮ್ಮಡಿ, 100 ಹರ್ಟ್ಸ್‌ನಲ್ಲಿ. ಹತ್ತಿರದ ಸ್ವರ 98 ಹರ್ಟ್ಸ್‌ನ ಜಿ. ಅಂದರೆ ಹೆಂಗಸರು ಹೆಚ್ಚಾಗಿ ಹಾಡುವ ಐದು ಮನೆ, ಕೂದಲೆಳೆಯಷ್ಟು ಮೇಲೆ. ಜಿ ಶ್ರುತಿಯ ಬೇಸ್ ಹಾಕಿ, ಸದ್ದು ತಗ್ಗಿಸಿ ಕಿವಿಗೊಟ್ಟರೆ ಎರಡೂ ಸೇರಿ ಸೆಕೆಂಡಿಗೆ ಎರಡು ಬಾರಿ ಅಲೆಯುವುದು ಕೇಳುತ್ತದೆ. ಯಾರೂ ಮೀಟದೆ ಇಡೀ ಕೈಗಾರಿಕಾ ಪ್ರದೇಶಕ್ಕೆ ಹಗಲಿರುಳು ನುಡಿಯುವ ತಂಬೂರಿ ಅದು. ಅಲ್ಲಿ ನುಡಿಸುವ ಡಿಜೆ ಸಂಜೆಯ ಮೊದಲ ಹಾಡನ್ನು ಆರಿಸುವ ಮುನ್ನ ಒಂದು ನಿಮಿಷ ಸುಮ್ಮನೆ ನಿಂತು ಕೇಳಿದರೆ ಒಳ್ಳೆಯದು.

ಶ್ರುತಿಯಿಂದ ಶ್ರುತಿಗೆ ದಾಟಲು ನಮ್ಮಲ್ಲೇ ಒಳ್ಳೆಯ ಸೇತುವೆ ಇದೆ, ತಮಟೆ. ಬೆಂಕಿಗೆ ಹಿಡಿದು ಬಿಗಿ ಮಾಡಿದ ಚರ್ಮದ ಆ ಪೆಟ್ಟಿಗೆ ತೀಕ್ಷ್ಣತೆ ಇದೆ, ಒಂದು ನಿರ್ದಿಷ್ಟ ಸ್ವರದ ಹಂಗಿಲ್ಲ. ಹೌಸ್ ಟ್ರ್ಯಾಕಿನ ಬೇಸ್ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ, ಎಂಟು ಆವರ್ತ ಬರೀ ತಮಟೆ ಬಿಟ್ಟರೆ ಕಿವಿ ಹಳೆಯ ಷಡ್ಜವನ್ನು ಬಿಟ್ಟುಕೊಡುತ್ತದೆ. ಆಮೇಲೆ ಯಾವ ಶ್ರುತಿಯ ಹಾಡು ಬಂದರೂ ಅದಕ್ಕೆ ಅದರದೇ ನೆಲ. ಮಾಯಾಮಾಳವಗೌಳಕ್ಕಂತೂ ನನಗೆ ಕಾಣುವ ದಾರಿ ಇದೊಂದೇ.

ಬಯಲಿನಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು; 2000ದ ಶಬ್ದಮಾಲಿನ್ಯ ನಿಯಮ ಅದು. ಎಂಟಕ್ಕೆ ಶುರುವಾದರೆ ಸಿಗುವುದು ಎರಡೇ ಗಂಟೆ, ಅಷ್ಟರಲ್ಲಿ ಹತ್ತೋ ಹದಿನೈದೋ ಕನ್ನಡ ಹಾಡು. ಅಷ್ಟನ್ನು ಮೊದಲೇ ಮನೆಯಲ್ಲಿ ಕೂತು ಕೇಳಬಹುದು. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು, ಹಾಡು ಎಲ್ಲಿ ಬಂದು ನೆಲೆಯಾಗುತ್ತದೆ ಎಂದು ಹುಡುಕಿ, ಆ ಷಡ್ಜವನ್ನು ಫೈಲಿನ ಕಮೆಂಟ್ ಜಾಗದಲ್ಲಿ ಬರೆದಿಟ್ಟುಕೊಳ್ಳಬೇಕು. ತಂತ್ರಾಂಶ ಕೊಟ್ಟ ಅಂಕಿ ಪಕ್ಕದಲ್ಲೇ ಇರಲಿ. ಎರಡೂ ಹೊಂದದೆ ಇದ್ದಲ್ಲಿ ಕಿವಿ ಹೇಳಿದ್ದನ್ನೇ ನುಡಿಸಬೇಕು.