ಸುತ್ತಿಗೆ ಹುಡುಕಲು ಹೋಗಿ ಸಿಕ್ಕ ಮೆಣಸಿನ ಡಬ್ಬಿ

1992ರ ನವೆಂಬರ್ 16. ಇಂಗ್ಲೆಂಡಿನ ಸಫೊಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿಯ ಹೊಲದಲ್ಲಿ ರೈತರೊಬ್ಬರ ಸುತ್ತಿಗೆ ಕಳೆದುಹೋಗಿತ್ತು. ಹುಡುಕಿಕೊಡಲು ಬಂದವರು ಅವರ ಗೆಳೆಯ ಎರಿಕ್ ಲಾಸ್. ತೋಟಗಾರಿಕೆ ಕೆಲಸದಿಂದ ನಿವೃತ್ತರಾಗಿದ್ದ ಅವರ ಕೈಯಲ್ಲೊಂದು ಮೆಟಲ್ ಡಿಟೆಕ್ಟರ್. ಅದು ಸದ್ದು ಮಾಡಿದಲ್ಲಿ ಅಗೆದರೆ ಬೆಳ್ಳಿಯ ಚಮಚ, ಚಿನ್ನದ ಸರ, ರಾಶಿ ನಾಣ್ಯ!

ಲಾಸ್ ಒಂದಿಷ್ಟನ್ನು ತೆಗೆದು, ಅಲ್ಲಿಗೇ ನಿಲ್ಲಿಸಿ, ಸುದ್ದಿ ಮುಟ್ಟಿಸಿದರು. ಅವರು ಮಾಡಿದ ದೊಡ್ಡ ಕೆಲಸ ಅಗೆದದ್ದಲ್ಲ, ಅಗೆಯುವುದನ್ನು ನಿಲ್ಲಿಸಿದ್ದು. ಮರುದಿನವೇ ಪುರಾತತ್ವ ತಜ್ಞರು ಬಂದು, ಉಳಿದದ್ದನ್ನು ಮಣ್ಣಿನಲ್ಲಿದ್ದ ಹಾಗೆಯೇ ಪದರ ಪದರವಾಗಿ ಬಿಡಿಸಿದರು. ಮರ ಕೊಳೆತು ಮಣ್ಣಾಗಿದ್ದರೂ ಅದರ ಲೋಹದ ಪಟ್ಟಿಗಳು ಇದ್ದ ಜಾಗ ನೋಡಿ, ಅಲ್ಲೊಂದು ಪೆಟ್ಟಿಗೆ ಇತ್ತೆಂದು ಗೊತ್ತಾಯಿತು. ಸಿಕ್ಕ ನಾಣ್ಯಗಳು ಸುಮಾರು 15,000. ಕಳೆದಿದ್ದ ಸುತ್ತಿಗೆಯೂ ಸಿಕ್ಕಿತು. ನಿಧಿಯ ಜೊತೆ ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಹಳೆಯ ಲೋಹದ ವಸ್ತು ಯಾವುದೆಂದು ಹೇಳಲು ಮೊದಲ ಸುಳಿವು ಬಣ್ಣ. ಹಸಿರು ಕಿಲುಬು ಕಂಡರೆ ತಾಮ್ರ ಅಥವಾ ಕಂಚು. ಕೆಂಪು ಗಂಟುಗಂಟಾದ ತುಕ್ಕು ಇದ್ದರೆ ಕಬ್ಬಿಣ. ಬೆಳ್ಳಿ ಕಪ್ಪಾಗುತ್ತದೆ, ಸೀಸಕ್ಕೆ ಬೂದುಬಿಳುಪು ಪೊರೆ ಬರುತ್ತದೆ. ಅಪ್ಪಟ ಚಿನ್ನ ಮಾತ್ರ ಸಾವಿರಾರು ವರ್ಷ ಮಣ್ಣಿನಲ್ಲಿದ್ದರೂ ಹೊಳಪು ಬಿಡದು. ಆಮೇಲೆ ತೂಕ, ಅಚ್ಚಿನ ಗುರುತು, ಸವೆದ ಜಾಗ.

ಹಾಕ್ಸನ್ನಿನ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲಿನ ಅಂಚನ್ನು ಯಾರೋ ಕತ್ತರಿಸಿ ಬೆಳ್ಳಿ ಉಳಿಸಿಕೊಂಡಿದ್ದರು. ಚಕ್ರವರ್ತಿಯ ಮುಖಕ್ಕೆ ಮಾತ್ರ ಕತ್ತರಿ ತಾಗಿಸಿರಲಿಲ್ಲ. ತೀರಾ ಈಚಿನ ನಾಣ್ಯಗಳ ಮೇಲಿನ ಹೆಸರು ಓದಿದಾಗ, ಪೆಟ್ಟಿಗೆ ಹೂತದ್ದು ಕ್ರಿ.ಶ. 407ರ ನಂತರವೇ ಎಂಬುದು ಖಚಿತವಾಯಿತು. ರೋಮನ್ ಆಳ್ವಿಕೆ ಬ್ರಿಟನ್ನಿನಿಂದ ಕಾಲು ಕೀಳುತ್ತಿದ್ದ ಕಾಲವದು.

ಎಲ್ಲಕ್ಕಿಂತ ಸೊಗಸಾದದ್ದು ಬೆಳ್ಳಿಯ ಒಂದು ಸಣ್ಣ ಹೆಣ್ಣು ಪ್ರತಿಮೆ. ನೋಟಕ್ಕೆ ಬರೀ ಅಲಂಕಾರದ ಗೊಂಬೆ. ಬುಡ ತಿರುವಿ ನೋಡಿದರೆ ಒಳಗೆ ತಿರುಗುವ ಬಿಲ್ಲೆ: ಒಂದು ಕಡೆ ತಿರುಗಿಸಿದರೆ ಮುಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆಗೆ ತುಂಬಿಸಲು ತೆರೆಯುತ್ತದೆ, ಮತ್ತೊಂದಕ್ಕೆ ಸಣ್ಣ ತೂತುಗಳಿಂದ ಪುಡಿ ಉದುರುತ್ತದೆ. ಅದು ಕರಿಮೆಣಸಿನ ಡಬ್ಬಿ! ಅಂಥವು ನಾಲ್ಕು ಸಿಕ್ಕವು. ರೋಮನ್ನರಿಗೆ ಕರಿಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಈಜಿಪ್ಟಿನ ಬೆರೆನಿಕೆ ಬಂದರಿನ ದೇಗುಲದಲ್ಲಿ, ಭಾರತದಲ್ಲಿ ಮಾಡಿದ ಜಾಡಿಯೊಳಗೆ ಏಳೂವರೆ ಕಿಲೋ ಕಾಳುಮೆಣಸು ಸಿಕ್ಕಿರುವುದೇ ಸಾಕ್ಷಿ.

ಆ ವ್ಯಾಪಾರದ ಇನ್ನೊಂದು ತುದಿ ಕರ್ನಾಟಕದ ಮಣ್ಣಿನಲ್ಲಿದೆ. 1891ರಲ್ಲಿ ಯಶವಂತಪುರದ ಬಳಿ ರೋಮನ್ ಬೆಳ್ಳಿ ನಾಣ್ಯಗಳ ಗಡಿಗೆ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ರೋಮನ್ ನಾಣ್ಯಗಳಿದ್ದವು. ಗಡಿಗೆಯ ನಾಣ್ಯ ಹೇಳುವುದು ತನ್ನ ಅಚ್ಚಿನ ಕಾಲವನ್ನಷ್ಟೇ. ಉತ್ಖನನದಲ್ಲಿ ಇದ್ದ ಜಾಗದಲ್ಲೇ ಸಿಕ್ಕ ಚಂದ್ರವಳ್ಳಿಯ ನಾಣ್ಯ, ತನ್ನ ಪಕ್ಕದಲ್ಲಿದ್ದ ಮಡಕೆ ಚೂರುಗಳ ಕಾಲವನ್ನೂ ಹೇಳಿತು.

ಇಂಗ್ಲೆಂಡಿನಲ್ಲಿ ಸಾಮಾನ್ಯರಿಗೆ ಸಿಕ್ಕ ವಸ್ತುಗಳನ್ನು ತಜ್ಞರು ನೋಡಿ ದಾಖಲಿಸುವ ಯೋಜನೆ 1997ರಿಂದ ನಡೆದಿದ್ದು, ದಾಖಲೆಗಳು 15 ಲಕ್ಷ ದಾಟಿವೆ. ಗುಂಡಿ, ಬಕಲ್, ಸೀಸದ ಗುಂಡು ಕೂಡ ಅದರಲ್ಲಿವೆ. ಹಾಕ್ಸನ್ ನಿಧಿಗಾಗಿ ಲಾಸ್ ಅವರಿಗೆ 17.5 ಲಕ್ಷ ಪೌಂಡ್ ಬಹುಮಾನ ಬಂದಿತ್ತು. ರೈತ ಗೆಳೆಯನೊಂದಿಗೆ ಹಂಚಿಕೊಂಡರು.

ನಮ್ಮಲ್ಲಿ ಕಾನೂನು ಬೇರೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ; ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಪಾಯ ತೋಡುವಾಗಲೋ ಹೊಲ ಉಳುವಾಗಲೋ ಏನಾದರೂ ಕಂಡರೆ ಗುದ್ದಲಿ ಕೆಳಗಿಡಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಕಿಲುಬಿನ ಜೊತೆ ಅಕ್ಷರವೂ ಹೋದೀತು. ಇದ್ದ ಜಾಗದ ಫೋಟೊ ತೆಗೆದು, ಜಿಲ್ಲಾಧಿಕಾರಿ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ಅಂದೇ ತಿಳಿಸಿ.