ಮಾಲ್ಗುಡಿಯ ಮಳೆ: ಕಾದಂಬರಿ, ಚಲನಚಿತ್ರ ಮತ್ತು ಕೃತಿನಿಷ್ಠೆಯ ಪ್ರಶ್ನೆ

ಕಾದಂಬರಿಯೊಂದು ಚಲನಚಿತ್ರವಾಗಿ ತೆರೆಯ ಮೇಲೆ ಬಂದಾಗಲೆಲ್ಲ ಅದು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ ಎಂಬ ಪ್ರಶ್ನೆ ಏಳುವುದು ವಾಡಿಕೆ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದಾಗ, ನಾಗರಹಾವು ಕೇರೆಹಾವಾಯಿತೆಂದು ಕಾದಂಬರಿಕಾರರು ನೊಂದುಕೊಂಡ ಮಾತು ಕನ್ನಡದಲ್ಲಿ ಜನಜನಿತವಾಗಿದೆ. ಪ್ರೇಕ್ಷಕರು ಮಾತ್ರ ಆ ಚಿತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅದೇ ಕಥೆಯನ್ನು ಅದೇ ನಿರ್ದೇಶಕರು 1974ರಲ್ಲಿ ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೆ ಒಯ್ದಾಗ ಆ ಸೊಗಸು ಜೊತೆಗೆ ಹೋಗಲಿಲ್ಲ. ಲೇಖಕನ ಅಸಮಾಧಾನ ಒಂದು ಕಡೆ, ಜನಮನ್ನಣೆ ಇನ್ನೊಂದು ಕಡೆ ಇರುವಾಗ ‘ನಿಷ್ಠೆ’ ಎಂಬ ಪದವನ್ನು ಯಾವ ಅರ್ಥದಲ್ಲಿ ಬಳಸಬೇಕು ಎಂಬುದು ವಿಚಾರಾರ್ಹವಾದ ಸಂಗತಿ.

ಅಕ್ಷರಶಃ ನಿಷ್ಠೆ ಸಾಧ್ಯವಿಲ್ಲವೆಂಬುದನ್ನು ಸಾಧಿಸಲು ಹೆಚ್ಚು ವಾದ ಬೇಕಿಲ್ಲ. ಫ್ರ್ಯಾಂಕ್ ನಾರಿಸನ ‘ಮೆಕ್‌ಟೀಗ್’ ಕಾದಂಬರಿಯನ್ನು ಪುಟಪುಟವಾಗಿ ಚಿತ್ರಿಸಹೊರಟ ಸ್ಟ್ರೋಹೈಮನ ‘ಗ್ರೀಡ್’ (1924) ಮೊದಲಿಗೆ ಎಂಟು ಗಂಟೆಗೂ ಮಿಕ್ಕಿ ಬೆಳೆದು, ಕೊನೆಗೆ ನಿರ್ಮಾಪಕರ ಕತ್ತರಿಗೆ ಸಿಕ್ಕಿ ಅದರ ಕಾಲುಭಾಗದಷ್ಟಕ್ಕೆ ಇಳಿಯಿತು. ಆದ್ದರಿಂದ ಚರ್ಚಿಸಬೇಕಾದುದು ಎಷ್ಟು ಬದಲಾಯಿತು ಎಂಬುದನ್ನಲ್ಲ, ಯಾವುದು ಬದಲಾಯಿತು ಎಂಬುದನ್ನು. ಮೈಸೂರಿನಲ್ಲಿ ನೆಲೆಸಿದ್ದ ಲೇಖಕರೊಬ್ಬರ ಕಾದಂಬರಿ ಮುಂಬಯಿಯ ಚಿತ್ರೋದ್ಯಮದ ಕೈಸೇರಿದಾಗ ಆದುದನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು.

ಆರ್.ಕೆ. ನಾರಾಯಣರ ‘ದಿ ಗೈಡ್’ ಪ್ರಕಟವಾದದ್ದು 1958ರಲ್ಲಿ. 1960ರಲ್ಲಿ ಅದಕ್ಕೆ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು. ಇಂಗ್ಲಿಷಿನಲ್ಲಿ ಬರೆದುದಾದರೂ ಅದರ ನೆಲ ನೀರು ಮೈಸೂರು ಸೀಮೆಯವು. ದೇವಾನಂದರ ನವಕೇತನ ಸಂಸ್ಥೆ ಇದನ್ನು ಎರಡು ರೂಪಗಳಲ್ಲಿ ಚಿತ್ರಿಸಿತು: ಪರ್ಲ್ ಬಕ್ ಚಿತ್ರಕಥೆ ಬರೆದು ಟ್ಯಾಡ್ ಡ್ಯಾನಿಯಲೆವ್‌ಸ್ಕಿ ನಿರ್ದೇಶಿಸಿದ ಇಂಗ್ಲಿಷ್ ಆವೃತ್ತಿ ಮತ್ತು ವಿಜಯ್ ಆನಂದ್ ನಿರ್ದೇಶಿಸಿದ ಹಿಂದಿ ‘ಗೈಡ್’ (1965). ಮೊದಲನೆಯದನ್ನು ಜನ ಮರೆತರು. ಎರಡನೆಯದು ಹಿಂದಿ ಚಿತ್ರರಂಗದ ಹೆಗ್ಗುರುತಾಗಿ ನಿಂತಿತು. ಆದರೆ ನಾರಾಯಣರು ‘ದಾರಿ ತಪ್ಪಿದ ಗೈಡ್’ ಎಂಬ ಅರ್ಥದ ತಲೆಬರಹವಿಟ್ಟು ಪ್ರಬಂಧವನ್ನೇ ಬರೆದರು. ಚಿತ್ರತಂಡದವರನ್ನು ಮೈಸೂರಿನ ಸುತ್ತಮುತ್ತಲ ನದಿತೀರ, ಬೆಟ್ಟ, ಗುಡಿಗಳಿಗೆ ತಾವೇ ಕರೆದೊಯ್ದು ತೋರಿಸಿದ್ದು, ಅವರೆಲ್ಲ ಮೆಚ್ಚಿಕೊಂಡು ಹಿಂತಿರುಗಿದ್ದು, ಆಮೇಲೆ ಚಿತ್ರೀಕರಣ ರಾಜಸ್ಥಾನದಲ್ಲಿ ಎಂದು ತಿಳಿದುಬಂದದ್ದು, ಇವನ್ನೆಲ್ಲ ಅವರು ತಮಗೆ ಸಹಜವಾದ ನಗುವಿನಲ್ಲಿಯೇ ನಿರೂಪಿಸಿದ್ದಾರೆ. ಮಾಲ್ಗುಡಿಯನ್ನು ತಾವು ಎಲ್ಲಿ ಇಡುತ್ತೇವೆಯೋ ಅಲ್ಲಿಯೇ ಅದು ಇರುತ್ತದೆ ಎಂಬುದು ಚಿತ್ರತಂಡದ ನಿಲುವಾಗಿತ್ತು.

ಇದನ್ನು ಲೇಖಕನ ಊರ ಮೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಕಾದಂಬರಿಯ ಬಂಧವನ್ನು ಗಮನಿಸಿದರೆ ನಾರಾಯಣರ ದೂರಿನಲ್ಲಿ ಅವರೇ ಹೇಳಿದುದಕ್ಕಿಂತ ಹೆಚ್ಚಿನ ಸತ್ಯವಿದೆ ಎನಿಸುತ್ತದೆ. ಮಾಲ್ಗುಡಿ ಪ್ರಸಿದ್ಧ ಪ್ರೇಕ್ಷಣೀಯ ಸ್ಥಳವೇನಲ್ಲ. ರಾಜುವಿನ ಬಾಲ್ಯದಲ್ಲಿ ಅಲ್ಲಿಗೆ ರೈಲು ಬರುತ್ತದೆ. ತಂದೆಗೆ ನಿಲ್ದಾಣದಲ್ಲಿ ಅಂಗಡಿ ದೊರೆಯುತ್ತದೆ. ಮುಂದೆ ಅಂಗಡಿಯಲ್ಲಿ ಕುಳಿತ ಮಗ, ಬಂದಿಳಿದವರು ಕೇಳಿದುದಕ್ಕೆ ‘ಗೊತ್ತಿಲ್ಲ’ ಎನ್ನಲಾರದೆ ಏನೋ ಒಂದು ಹೇಳುತ್ತ ಹೇಳುತ್ತ ‘ರೈಲ್ವೆ ರಾಜು’ ಆಗುತ್ತಾನೆ. ನೋಡತಕ್ಕ ಸ್ಥಳಗಳು ಹುಟ್ಟುವುದೇ ಅವನ ಬಾಯಿಂದ. ಮುಂದೆ ಸೆರೆಮನೆಯಿಂದ ಹೊರಬಂದು ಪಾಳುಗುಡಿಯ ಮೆಟ್ಟಿಲ ಮೇಲೆ ಕುಳಿತವನನ್ನು ಹಳ್ಳಿಯ ವೇಲನ್ ಸ್ವಾಮಿಯೆಂದು ಭಾವಿಸಿದಾಗಲೂ ಆಗುವುದು ಇದೇ: ಎದುರಿನವರ ನಿರೀಕ್ಷೆಗೆ ‘ಇಲ್ಲ’ ಎನ್ನಲಾರದ ದೌರ್ಬಲ್ಯ. ಗೈಡು ಮತ್ತು ಸ್ವಾಮಿ ಒಂದೇ ಗುಣದ ಎರಡು ಅವಸ್ಥೆಗಳು. ಉದಯಪುರದ ಸರೋವರ, ಚಿತ್ತೋಡದ ಕೋಟೆ ಮುಂತಾದ ಲೋಕವಿಖ್ಯಾತ ಸ್ಥಳಗಳಲ್ಲಿ ಗೈಡಿನ ಕಸುಬು ಸಿದ್ಧವಾಗಿಯೇ ಇರುತ್ತದೆ. ಅಲ್ಲಿ ರಾಜು ಇರುವುದನ್ನು ತೋರಿಸಿದರೆ ಸಾಕು, ಇಲ್ಲದುದನ್ನು ಕಲ್ಪಿಸಬೇಕಾಗಿಲ್ಲ. ಹೀಗೆ ಸ್ಥಳ ಬದಲಾದುದರಿಂದ ಪಾತ್ರದ ಬೇರೇ ಸಡಿಲವಾಯಿತು. ವೇಷಭೂಷಣಗಳ ವ್ಯತ್ಯಾಸಕ್ಕಿಂತ ಇದು ಗಂಭೀರವಾದುದು.

ಎರಡನೆಯ ಬದಲಾವಣೆ ರೋಸಿಯ ದಾಂಪತ್ಯಕ್ಕೆ ಸಂಬಂಧಿಸಿದುದು. ಕಾದಂಬರಿಯಲ್ಲಿ ಹೆಂಡತಿಗೂ ರಾಜುವಿಗೂ ಇರುವ ಸಂಬಂಧ ತಿಳಿದ ಮಾರ್ಕೊ ಅವಳನ್ನು ಮಾತಿಲ್ಲದೆ ತೊರೆದು ಹೊರಟುಹೋಗುತ್ತಾನೆ. ಹಿಂದಿ ಚಿತ್ರದಲ್ಲಿ ಮಾರ್ಕೊನೇ ಮೊದಲು ತಪ್ಪಿತಸ್ಥನಾಗಿ ಸಿಕ್ಕಿಬೀಳುತ್ತಾನೆ, ರೋಸಿ ಅವನನ್ನು ಬಿಟ್ಟು ಬರುತ್ತಾಳೆ. ಅಂದಿನ ಪ್ರೇಕ್ಷಕರ ಮಡಿವಂತಿಕೆಗೆ ಅಂಜಿ ಮಾಡಿದ ಈ ಮಾರ್ಪಾಡು ನಾಯಕಿಯನ್ನು ದೋಷಮುಕ್ತಳನ್ನಾಗಿಸಲು ಗಂಡನನ್ನು ಖಳನನ್ನಾಗಿಸಿತು. ಆದರೂ ಇಲ್ಲಿ ನಷ್ಟದ ಜೊತೆಗೆ ಲಾಭವೂ ಉಂಟು. ಕಾದಂಬರಿಯ ರೋಸಿ ನಮಗೆ ದೊರೆಯುವುದು ರಾಜುವಿನ ನಿವೇದನೆಯ ಮೂಲಕ. ಅವಳನ್ನು ಅವನ ಕಣ್ಣಿನಿಂದಲ್ಲದೆ ನೋಡಲು ಓದುಗನಿಗೆ ಅವಕಾಶವೇ ಇಲ್ಲ. ಕ್ಯಾಮೆರಾಕ್ಕೆ ಅಂಥ ಕಟ್ಟುಪಾಡಿಲ್ಲ. ವಹೀದಾ ರೆಹಮಾನರ ಮುಖ, ನಡಿಗೆ, ನೃತ್ಯಗಳಲ್ಲಿ ರೋಸಿ ರಾಜುವಿನ ಮಾತಿಗೆ ಹೊರಗಾದ ಸ್ವತಂತ್ರ ವ್ಯಕ್ತಿತ್ವವನ್ನು ಪಡೆದಳು. ಇದು ಮೂಲದಲ್ಲಿ ಅಡಗಿದ್ದುದನ್ನು ಹೊರತೆಗೆದ ನಿಷ್ಠೆಯೋ, ಹೊಸ ಸೃಷ್ಟಿಯೋ ಎಂಬುದು ಬೇರೆ ಮಾತು. ಚಿತ್ರದ ಶ್ರೇಷ್ಠ ಭಾಗವಂತೂ ಇದೇ.

ಮಳೆಯ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಕಾದಂಬರಿಯ ಬೀಜ ಮೈಸೂರಿನ ಒಂದು ಬರಗಾಲದ ಘಟನೆಯಲ್ಲಿದೆಯೆಂದು ನಾರಾಯಣರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬತ್ತಿದ ಕಾವೇರಿಯ ಪಾತ್ರದಲ್ಲಿ ಮೊಣಕಾಲುದ್ದ ನೀರು ನಿಲ್ಲಿಸಿ, ಬ್ರಾಹ್ಮಣರು ಉಪವಾಸವಿದ್ದು ಹನ್ನೊಂದು ದಿನ ಜಪ ಮಾಡಿದರು. ಹನ್ನೆರಡನೆಯ ದಿನ ಮಳೆ ಬಂದಿತು. ಆದರೆ ಕಾದಂಬರಿ ಬರೆಯುವಾಗ ನಾರಾಯಣರು ಆ ಮಳೆಯನ್ನು ಕೊಡಲಿಲ್ಲ. ಉಪವಾಸದಿಂದ ಕೃಶನಾದ ರಾಜು ನೀರಿಗಿಳಿದು, ದೂರದ ಬೆಟ್ಟದಲ್ಲಿ ಮಳೆಯಾಗುತ್ತಿದೆಯೆಂದು ನುಡಿದು ಕುಸಿಯುತ್ತಾನೆ. ಮಳೆ ಬಂದಿತೇ, ಅವನು ಸತ್ತನೇ, ಆ ಮಾತು ಅನುಭವವೋ ಭ್ರಮೆಯೋ ಅಥವಾ ಗೈಡಿನ ಕೊನೆಯ ಸುಳ್ಳೋ ಎಂಬುದು ತೀರ್ಮಾನವಾಗುವುದಿಲ್ಲ. ಚಿತ್ರದಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತದೆ, ರಾಜು ದೇಹ ಬಿಟ್ಟು ಮಹಾತ್ಮನಾಗುತ್ತಾನೆ. ನಡೆದ ಘಟನೆಗೆ ಹೋಲಿಸಿದರೆ ಕಾದಂಬರಿಗಿಂತ ಚಿತ್ರವೇ ಹೆಚ್ಚು ನಿಷ್ಠವೆಂದು ತಮಾಷೆಗೆ ಹೇಳಬಹುದು! ಕಾದಂಬರಿಕಾರರೂ ತಮ್ಮ ಮೂಲವನ್ನು ಬದಲಿಸಿದವರೇ. ಅವರು ತೆಗೆದುಹಾಕಿದ ಖಚಿತತೆಯನ್ನು ಚಿತ್ರ ಮರಳಿ ತಂದಿತು. ಅದರೊಂದಿಗೆ ಸಂದೇಹವೆಂಬ ಕಾದಂಬರಿಯ ಜೀವಾಳ ಹೋಯಿತು.

ಹಾಗಾದರೆ ದೊಡ್ಡ ಬದಲಾವಣೆಗಳೆಲ್ಲ ದ್ರೋಹವೆನ್ನಬೇಕೇ? ಗಿರೀಶ ಕಾಸರವಳ್ಳಿಯವರ ಚಿತ್ರಗಳು ಹಾಗೆನ್ನಲು ಬಿಡುವುದಿಲ್ಲ. ವೈದೇಹಿಯವರ ಕಥೆಯಲ್ಲಿ ಸಣ್ಣ ಊರಿಗೆ ಬರುವುದು ಚಿತ್ರಮಂದಿರ. ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಬರುವುದು ಟಿ.ವಿ. ಕಾಲ, ಪಾತ್ರ, ಕೋಮುಸಂಬಂಧಗಳ ಹಿನ್ನೆಲೆ ಎಲ್ಲವೂ ಬೇರೆಯಾಗಿವೆ. ಆದರೂ ಬೆಳಕಿನ ಪರದೆಯೊಂದು ಊರ ಹೆಂಗಸರ ಬದುಕಿನೊಳಗೆ ಪ್ರವೇಶಿಸಿ ಏನನ್ನು ಸಡಿಲಿಸುತ್ತದೆ ಎಂಬ ಕಥೆಯ ಪ್ರಶ್ನೆ ಉಳಿದಿದೆ. ಭೈರಪ್ಪನವರ ‘ನಾಯಿ ನೆರಳು’ ಕಾದಂಬರಿಯನ್ನು 2006ರಲ್ಲಿ ತೆರೆಗೆ ತಂದಾಗಲೂ ಅವರು ಪುನರ್ಜನ್ಮದ ಜಿಜ್ಞಾಸೆಗಿಂತ ಹೆಣ್ಣುಮಕ್ಕಳ ಪಾಡಿಗೆ ಒತ್ತು ಕೊಟ್ಟರು. ಇಲ್ಲಿ ಚಿತ್ರ ಕಾದಂಬರಿಯೊಡನೆ ವಾಗ್ವಾದಕ್ಕೇ ಇಳಿಯುತ್ತದೆ. ಅಂಥ ವಾಗ್ವಾದಕ್ಕೂ ಕೃತಿಯನ್ನು ಆಳವಾಗಿ ಓದಿರಬೇಕು. ಮಾರುಕಟ್ಟೆಯ ಭಯದಿಂದಾದ ಬದಲಾವಣೆಯನ್ನು ಇದರ ಸಾಲಿನಲ್ಲಿ ಇಡಲಾಗದು.

ಮಾಲ್ಗುಡಿ ಕರ್ನಾಟಕಕ್ಕೆ ಹಿಂತಿರುಗಿದ್ದೂ ಮುಂಬಯಿಯಲ್ಲಿ ರಂಗಭೂಮಿಯ ಪಾಠ ಕಲಿತ ಕನ್ನಡಿಗನೊಬ್ಬನಿಂದ ಎಂಬುದು ಗಮನಾರ್ಹ. ಶಂಕರನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯನ್ನು ಆರಿಸಿಕೊಂಡರು. ಆಗುಂಬೆ ಮೈಸೂರೂ ಅಲ್ಲ, ನಾರಾಯಣರು ವರ್ಣಿಸಿದ ಊರೂ ಅಲ್ಲ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಒಂದು ಪೇಟೆಬೀದಿಯ ಅಳತೆ ಅಲ್ಲಿತ್ತು.

ಮುಂಬಯಿ ಕನ್ನಡ ಕಾದಂಬರಿಗೆ ಬಂದರೆ, ಈ ನಗರದಲ್ಲಿ ಬಾಳಿದ ಯಶವಂತ ಚಿತ್ತಾಲರ ‘ಮೂರು ದಾರಿಗಳು’ ಕಾಸರವಳ್ಳಿಯವರ ಕೈಯಲ್ಲಿ 1981ರಲ್ಲಿ ಚಿತ್ರವಾಯಿತು. ‘ಶಿಕಾರಿ’ (1979) ಇದಕ್ಕಿಂತ ಕಠಿಣವಾದ ಸವಾಲು. ತನ್ನ ಕಂಪನಿಯವರು ತನ್ನ ವಿರುದ್ಧ ಹೂಡಿರುವರೆಂದು ನಾಗಪ್ಪ ಶಂಕಿಸುವ ಸಂಚುಗಳಲ್ಲಿ ನಿಜವೆಷ್ಟು, ಅವನ ಮನಸ್ಸು ಹೆಣೆದುದೆಷ್ಟು ಎಂಬುದನ್ನು ಓದುಗ ಪುಟಪುಟಕ್ಕೂ ತೂಗಿ ನೋಡಬೇಕಾಗುತ್ತದೆ. ಮುಂಬಯಿಯ ಬೀದಿ, ಕಚೇರಿ, ಸಮುದ್ರತೀರಗಳನ್ನು ಯಥಾವತ್ತಾಗಿ ಸೆರೆಹಿಡಿಯುವುದು ಇಂದಿನ ಕ್ಯಾಮೆರಾಕ್ಕೆ ಕಷ್ಟವಲ್ಲ. ಆದರೆ ಕ್ಯಾಮೆರಾ ತೋರಿಸಿದ್ದನ್ನು ಪ್ರೇಕ್ಷಕ ನಡೆದದ್ದೆಂದೇ ನಂಬುತ್ತಾನೆ. ಶಂಕೆಯನ್ನು ಶಂಕೆಯಾಗಿಯೇ ಉಳಿಸಿ ತೋರಿಸುವ ಬಗೆಯನ್ನು ‘ಶಿಕಾರಿ’ಗೆ ಕೈಹಾಕುವ ನಿರ್ದೇಶಕ ಮೊದಲ ದೃಶ್ಯದಲ್ಲಿಯೇ ಕಂಡುಕೊಳ್ಳಬೇಕಾಗುತ್ತದೆ.